ಒಂದೇ ಆಂಟೆನಾ, ಎರಡು ರೇಡಿಯೋ

ಹುಮನಾಬಾದಿನಿಂದ ಸೋಲಾಪುರದ ಕಡೆಗೆ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಗಡಿ ದಾಟಿದ ಮೇಲೆ ಸಿಗುವ ಮೊದಲ ದೊಡ್ಡ ಊರು ಉಮರ್ಗಾ. ಅದರ ಈಶಾನ್ಯಕ್ಕೆ ನಿಲಂಗಾ, ಇನ್ನೂ ಆಚೆ ಉದಗೀರ. ನಿಲಂಗಾ ಮತ್ತು ಉದಗೀರ 1956ರ ತನಕ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದಿಗೆ ಸೇರಿ, 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿದಾಗ ಅದರ ಪಾಲಾದವು. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ ಮಾತಾಡುವ ಕುಟುಂಬಗಳು ಈ ಸೀಮೆಯಲ್ಲಿ ಇಂದಿಗೂ ಇವೆ. ಅವರ ಮೊಬೈಲಿಗೂ ಹೆಚ್ಚುಕಡಿಮೆ ಅದೇ ಪಾಡು. ಗಡಿಯಂಚಿನ ಹೊಲದಲ್ಲಿ ನಿಂತರೆ ಒಮ್ಮೆ ಮಹಾರಾಷ್ಟ್ರದ ಟವರ್, ಒಮ್ಮೆ ಕರ್ನಾಟಕದ ಟವರ್. ರೋಮಿಂಗ್ ದರ ಇದ್ದ ಕಾಲದಲ್ಲಿ ಈ ಚಂಚಲತೆಗೆ ಕೈಯಿಂದ ದುಡ್ಡು ತೆರಬೇಕಾಗಿತ್ತು.

ತರಂಗಗಳ ಮಟ್ಟಿಗೆ ಇದು ಅನುಕೂಲದ ನೆಲ. ಎರೆಮಣ್ಣಿನ ಪ್ರಸ್ಥಭೂಮಿ, ದಟ್ಟ ಕಾಡಿಲ್ಲ, ನಡುವೆ ಮಾಂಜರಾ ಮತ್ತು ತೇರಣಾ ನದಿಗಳ ತಗ್ಗು. ಉಮರ್ಗಾದಿಂದ ನಿಲಂಗಾಕ್ಕೆ ನೇರ ಗೆರೆ ಎಳೆದರೆ ಸುಮಾರು 35 ಕಿಲೋಮೀಟರ್, ನಿಲಂಗಾದಿಂದ ಉದಗೀರಕ್ಕೆ 50ರ ಹತ್ತಿರ. ಇಂಥ ದೂರಕ್ಕೆ ವೈರ್‌ಲೆಸ್ ಲಿಂಕ್ ಹಾಕಲು ಹೊರಟವರು ಬೇಗನೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಕಳಿಸುವುದಕ್ಕೆ ಒಂದು ರೇಡಿಯೋ, ತೆಗೆದುಕೊಳ್ಳುವುದಕ್ಕೆ ಇನ್ನೊಂದು ರೇಡಿಯೋ ಇಟ್ಟರೆ ಲಿಂಕ್ ಚುರುಕಾಗುತ್ತದೆ ಎನ್ನುತ್ತಾರೆ. ಹಾಗಿದ್ದರೆ ಡಿಶ್ ಎರಡು ಯಾಕೆ? ಎರಡೂ ರೇಡಿಯೋಗಳನ್ನು ಒಂದೇ ಡಿಶ್‌ಗೆ ಜೋಡಿಸಿದರೆ ಏನಾಗುತ್ತದೆ? ಟವರ್ ಮೇಲೆ ಜಾಗಕ್ಕೆ ಬಾಡಿಗೆ ಇದೆ, ಮುಂಗಾರಿನ ಗಾಳಿಗೆ ಡಿಶ್ ಒಡ್ಡುವ ಎದೆಯಗಲಕ್ಕೂ ಲೆಕ್ಕವಿದೆ. ಪ್ರಶ್ನೆ ನ್ಯಾಯವಾದದ್ದೇ.

ಆಂಟೆನಾಕ್ಕೆ ಈ ಹಂಚಿಕೆಯಲ್ಲಿ ತಕರಾರಿಲ್ಲ. ಅದೇ ಲೋಹ ತರಂಗವನ್ನು ಬಿಡಲೂ ಬಲ್ಲದು, ಹಿಡಿಯಲೂ ಬಲ್ಲದು, ಎರಡಕ್ಕೂ ಅದರ ಗುಣ ಒಂದೇ. ತಕರಾರು ಇರುವುದು ರಿಸೀವರಿನದು. ಮೊಬೈಲ್ ಟವರಿನ ಟ್ರಾನ್ಸ್‌ಮಿಟರ್ 20 ವಾಟ್, ಅಂದರೆ 43 ಡಿಬಿಎಂ ಶಕ್ತಿಯಲ್ಲಿ ಕಳಿಸುತ್ತಿರುತ್ತದೆ. ಹೊಲದಲ್ಲಿರುವ ಫೋನಿನಿಂದ ಅದೇ ಟವರಿಗೆ ಬಂದು ಮುಟ್ಟುವ ಸಿಗ್ನಲ್ ಮೈನಸ್ 100 ಡಿಬಿಎಂ ಆಸುಪಾಸು. ಎರಡರ ನಡುವಿನ ಅಂತರ 143 ಡಿಬಿ, ಅಂದರೆ ನೂರು ಲಕ್ಷ ಕೋಟಿ ಪಟ್ಟಿಗೂ ಮೇಲೆ. ಜಾತ್ರೆಯಲ್ಲಿ ಹಲಗಿ ಬಾರಿಸುತ್ತಿರುವವನೇ ಆಚೆ ಓಣಿಯ ಪಿಸುಮಾತನ್ನೂ ಕೇಳಿಸಿಕೊಂಡು ಉತ್ತರ ಕೊಡಬೇಕು ಅಂದಹಾಗೆ. ಆದ್ದರಿಂದ ಒಂದೇ ಆಂಟೆನಾ ಬೇಕೆನ್ನುವವರು ಕಳಿಸುವುದನ್ನು ಕೇಳುವುದರಿಂದ ದೂರ ಮಾಡುವ ಒಂದು ಬೇಲಿಯನ್ನು ಎಲ್ಲಿಂದಾದರೂ ಕೊಂಡು ತರಲೇಬೇಕು. ಅಂಗಡಿಗಳು ಮೂರೋ ನಾಲ್ಕೋ ಇವೆ: ಸಮಯ, ಫ್ರೀಕ್ವೆನ್ಸಿ, ಧ್ರುವೀಕರಣ, ಮತ್ತು ಇತ್ತೀಚಿನ ದಿನಗಳಲ್ಲಿ ಗಣಿತ.

ಸಮಯದ ಬೇಲಿ ಎಲ್ಲಕ್ಕಿಂತ ಅಗ್ಗ. ವಿಕಾರಾಬಾದ್–ಪರಳಿ ಮಾರ್ಗದಲ್ಲಿ ಬೀದರ, ಭಾಲ್ಕಿ, ಕಮಲನಗರ ದಾಟಿ ಬರುವ ರೈಲು ಉದಗೀರ ನಿಲ್ದಾಣಕ್ಕೆ ಸೇರುತ್ತದೆ. ಭಾರತೀಯ ರೈಲ್ವೆಯ ನಿಲ್ದಾಣಗಳಲ್ಲಿ 25 ವಾಟಿನ ವಿಎಚ್‌ಎಫ್ ಸೆಟ್ ಇರುತ್ತದೆ, ಗಾರ್ಡ್ ಮತ್ತು ಚಾಲಕರ ಕೈಯಲ್ಲಿ 5 ವಾಟಿನ ವಾಕಿಟಾಕಿ. ಗುಂಡಿ ಒತ್ತಿದಾಗ ಮಾತು, ಬಿಟ್ಟಾಗ ಕಿವಿ. ಒಳಗೆ ಪಿನ್ ಡಯೋಡುಗಳ ಒಂದು ಸ್ವಿಚ್ ಇದೆ. ಗುಂಡಿ ಒತ್ತಿದೊಡನೆ ಡಯೋಡಿನಲ್ಲಿ ಕರೆಂಟ್ ಹರಿದು ರಿಸೀವರಿನ ಬಾಯಿ ನೆಲಕ್ಕೆ ಶಾರ್ಟ್ ಆಗುತ್ತದೆ. ಆಂಟೆನಾಕ್ಕೂ ಆ ಬಾಯಿಗೂ ನಡುವೆ ಕಾಲು ತರಂಗದಷ್ಟು ಉದ್ದದ ತಂತಿ, ಇಲ್ಲವೇ ಅದಕ್ಕೆ ಸಮನಾದ ಕಾಯಿಲ್ ಇರುವುದರಿಂದ, ಆ ಶಾರ್ಟ್ ಆಂಟೆನಾದ ಕಡೆಯಿಂದ ನೋಡಿದರೆ ಕಡಿದ ತಂತಿಯ ಹಾಗೆ ಕಾಣುತ್ತದೆ. ಶಕ್ತಿಯೆಲ್ಲ ಆಂಟೆನಾದ ದಾರಿ ಹಿಡಿಯುತ್ತದೆ. ಕೆಲವೇ ರೂಪಾಯಿಯ ಬಿಡಿಭಾಗಗಳಲ್ಲಿ ಮುಗಿಯುವ ಜಾಣತನ ಇದು. ಇದಕ್ಕೆ ಬೆಲೆಯಾಗಿ ತೆರುವುದು ‘ಓವರ್’ ಎಂದು ಹೇಳಿ ಕಾಯುವ ಶಿಸ್ತನ್ನು.

ರಾಡಾರಿನಲ್ಲೂ ಇದೇ ತತ್ತ್ವ. ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯ 1936ರಲ್ಲಿ ಡ್ಯುಪ್ಲೆಕ್ಸರ್, ಅಂದರೆ ಒಂದೇ ಆಂಟೆನಾವನ್ನು ಟ್ರಾನ್ಸ್‌ಮಿಟರಿಗೂ ರಿಸೀವರಿಗೂ ಸರದಿಯಲ್ಲಿ ಜೋಡಿಸುವ ಸಾಧನ, ರೂಪಿಸಿದ ಮೇಲೆ ರಾಡಾರಿಗೆ ಒಂದೇ ಆಂಟೆನಾ ಸಾಕಾಯಿತು. ಅನಿಲ ತುಂಬಿದ ಕೊಳವೆಯೊಂದು ಟ್ರಾನ್ಸ್‌ಮಿಟರಿನ ಏಟಿಗೆ ತಾನೇ ಹೊತ್ತಿಕೊಂಡು ರಿಸೀವರನ್ನು ಮುಚ್ಚುವ ಏರ್ಪಾಟು ಯುದ್ಧಕಾಲದಲ್ಲಿ ಬಳಕೆಗೆ ಬಂತು. ಹೈದರಾಬಾದಿನಿಂದ ಮಳೆಮೋಡ ಹುಡುಕುವ ಡಾಪ್ಲರ್ ರಾಡಾರ್ ಕೂಡ ಒಂದೇ ಬಟ್ಟಲಿನಿಂದ ಕೂಗಿ, ಅದೇ ಬಟ್ಟಲಿನಿಂದ ಪ್ರತಿಧ್ವನಿ ಹಿಡಿಯುತ್ತದೆ.

ಆದರೆ ಟೆಲಿಫೋನಿಗೆ ಈ ಸರದಿ ಒಗ್ಗದು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಮಾತಾಡಬೇಕು, ಆಗಲೇ ಅದು ಫೋನು. 1980ರ ದಶಕದ ಕೊನೆ ಮತ್ತು 90ರ ದಶಕದಲ್ಲಿ ದೇಶದ ಹಳ್ಳಿಗಳಿಗೆ ಸಾರ್ವಜನಿಕ ಫೋನ್ ಕೊಡಲು ದೂರಸಂಪರ್ಕ ಇಲಾಖೆ ‘ಮಾರ್’ ಎಂಬ ಗ್ರಾಮೀಣ ರೇಡಿಯೋ ವ್ಯವಸ್ಥೆಯನ್ನು ಹಾಕಿತು. ಎರಡು ರೇಡಿಯೋ ಚಾನೆಲ್, ಅವನ್ನು ಹಂಚಿಕೊಳ್ಳುವ ಹದಿನೈದು ಫೋನ್. ಪಂಚಾಯತಿ ಕಟ್ಟಡದ ಮೇಲೋ ಪಾಟೀಲರ ಮಾಳಿಗೆಯ ಮೇಲೋ ಒಂದು ಯಾಗಿ ಆಂಟೆನಾ, ಒಳಗೆ ಹೋಗುವ ಬರುವ ಫ್ರೀಕ್ವೆನ್ಸಿಗಳನ್ನು ಬೇರ್ಪಡಿಸುವ ಡ್ಯುಪ್ಲೆಕ್ಸರ್. ಕಾಗದದ ಮೇಲೆ ಯೋಜನೆ ಚೆನ್ನಾಗಿತ್ತು. ಬಳಕೆಯಲ್ಲಿ ಬ್ಯಾಟರಿ, ಸಿಡಿಲು, ರಿಪೇರಿಗೆ ಬಾರದ ಜೀಪು ಎಲ್ಲ ಸೇರಿ ಅದನ್ನು ಸೋಲಿಸಿದವು. ಮುಂದೆ ಆ ಫೋನುಗಳನ್ನು ಬಹುತೇಕ ಬದಲಾಯಿಸಬೇಕಾಯಿತು. ಐಐಟಿ ಮದ್ರಾಸಿನ ಅಶೋಕ್ ಝುಂಝುನ್‌ವಾಲಾ ಅವರ ತಂಡ ತಂದ ಕಾರ್‌ಡೆಕ್ಟ್ ಎಂಬ ವೈರ್‌ಲೆಸ್ ಫೋನ್ ವ್ಯವಸ್ಥೆ ಮತ್ತೆ ಸಮಯದ ಬೇಲಿಗೇ ಮರಳಿತು. ಸೆಕೆಂಡಿಗೆ ನೂರು ಸಲ ಮಾತು–ಕಿವಿ ಅದಲುಬದಲಾದರೆ ಮನುಷ್ಯನಿಗೆ ಸರದಿಯೇ ಗೊತ್ತಾಗದು, ‘ಓವರ್’ ಹೇಳುವ ಕೆಲಸವೂ ಇಲ್ಲ. ಇವತ್ತಿನ ವೈಫೈ, ಜಿಯೋದ 2300 ಮೆಗಾಹರ್ಟ್ಸ್ 4ಜಿ, 3.5 ಗಿಗಾಹರ್ಟ್ಸ್ ಆಸುಪಾಸಿನ 5ಜಿ ಎಲ್ಲವೂ ಈ ಜಾತಿಯವೇ.

ಫ್ರೀಕ್ವೆನ್ಸಿಯ ಬೇಲಿ ಎಷ್ಟು ದುಬಾರಿ ಎಂಬುದು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರ, ರಿಪೀಟರಿನ ಹತ್ತಿರ ಹೋದಾಗ ತಿಳಿಯುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿಗೆ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಕಿಲ್ಲಾರಿಯ ಭೂಕಂಪ ಔಸಾ ಮತ್ತು ಉಮರ್ಗಾ ತಾಲೂಕುಗಳ ಹಳ್ಳಿಗಳನ್ನು ನೆಲಸಮ ಮಾಡಿತು. ಸತ್ತವರು ಹತ್ತು ಸಾವಿರದ ಹತ್ತಿರ. ಆಗ ನೆರವಿನ ಸಂಪರ್ಕಕ್ಕೆ ಕೈಹಚ್ಚಿದವರಲ್ಲಿ ಹವ್ಯಾಸಿ ರೇಡಿಯೋದವರೂ ಇದ್ದರು. ಅಂಥ ಹೊತ್ತಿನಲ್ಲಿ ಕೈಸೆಟ್ಟಿನ ಮಾತು ನಾಲ್ಕಾರು ಕಿಲೋಮೀಟರಿಗೆ ನಿಲ್ಲುತ್ತದೆ. ದೂರ ಮುಟ್ಟಬೇಕಾದರೆ ಎತ್ತರದಲ್ಲಿ ಒಂದು ರಿಪೀಟರ್ ಬೇಕು. ಕೇಳಿದ್ದನ್ನು ಅದೇ ಕ್ಷಣ ಮರುಕಳಿಸುವುದೇ ಅದರ ಕೆಲಸವಾದ್ದರಿಂದ ಸರದಿಯ ಮಾತೇ ಇಲ್ಲ. ಎರಡು ಮೀಟರ್ ಪಟ್ಟಿಯಲ್ಲಿ ಕೇಳುವ, ಕಳಿಸುವ ಫ್ರೀಕ್ವೆನ್ಸಿಗಳ ನಡುವೆ ಇರುವ ಅಂತರ ಬರೀ 600 ಕಿಲೋಹರ್ಟ್ಸ್. 145 ಮೆಗಾಹರ್ಟ್ಸ್ ಮುಂದೆ ಅದು ಅರ್ಧ ಶೇಕಡಾ ಕೂಡ ಅಲ್ಲ. ಆ ಇರುಕಿನಲ್ಲಿ 90 ಡಿಬಿ ಆಸುಪಾಸಿನ ಬೇಲಿ ಹಾಕಬೇಕು.

ಅದನ್ನು ಹಾಕುವುದು ಕ್ಯಾವಿಟಿ ಎಂಬ ಲೋಹದ ಡಬ್ಬಿಗಳು. ಒಳಗೆ ಕಾಲು ತರಂಗದುದ್ದದ, ಅಂದರೆ ಸುಮಾರು 52 ಸೆಂಟಿಮೀಟರಿನ ಸರಳು. ಸಾಮಾನ್ಯವಾಗಿ ಆರು ಡಬ್ಬಿ, ಮೂರು ಕಳಿಸುವ ಕಡೆ, ಮೂರು ಕೇಳುವ ಕಡೆ. ಮೇಲಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೂ ಶ್ರುತಿ ಜಾರುತ್ತದೆ. ಮರಾಠವಾಡದ ಬಿಸಿಲನ್ನು ಇಲ್ಲಿ ಲೆಕ್ಕಕ್ಕೆ ತಂದುಕೊಳ್ಳಿ. ಡಿಸೆಂಬರ್ ಬೆಳಗಿನ ಚಳಿಗೂ ಮೇ ಮಧ್ಯಾಹ್ನದ ತಗಡಿನ ಶೆಡ್ಡಿಗೂ 30 ಡಿಗ್ರಿ ವ್ಯತ್ಯಾಸ ದೊಡ್ಡದಲ್ಲ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹತ್ತು ಲಕ್ಷಕ್ಕೆ 23 ಪಾಲು ಹಿಗ್ಗುತ್ತದೆ. ಗುಣಿಸಿ ನೋಡಿದರೆ 145 ಮೆಗಾಹರ್ಟ್ಸ್‌ನ ಸರಳು 100 ಕಿಲೋಹರ್ಟ್ಸ್ ಜಾರುತ್ತದೆ. ಇರುವ 600ರಲ್ಲಿ ನೂರನ್ನು ಬಿಸಿಲೇ ತಿಂದಂತಾಯಿತು. ಒಳ್ಳೆಯ ಡಬ್ಬಿಗಳಲ್ಲಿ ಹೊಂದಾಣಿಕೆಯ ಸರಳನ್ನು ಬಹಳ ಕಡಿಮೆ ಹಿಗ್ಗುವ ಇನ್ವಾರ್ ಮಿಶ್ರಲೋಹದಿಂದ ಮಾಡುವುದು ಇದಕ್ಕೇ. ಅಗ್ಗದ ಡಬ್ಬಿ ತಂದು ಚಳಿಗಾಲದಲ್ಲಿ ಶ್ರುತಿ ಮಾಡಿ, ಬೇಸಿಗೆಯಲ್ಲಿ ರಿಪೀಟರ್ ಕಿವುಡಾಯಿತೆಂದರೆ ಅದು ರಿಪೀಟರಿನ ತಪ್ಪಲ್ಲ.

ಇಷ್ಟು ರಗಳೆ ಯಾಕೆ, ಎರಡು ಆಂಟೆನಾ ಹಾಕಿದರಾಯಿತಲ್ಲ ಎನ್ನಬಹುದು. ಒಂದರ ಮೇಲೊಂದು ನಿಲ್ಲಿಸಿದ ಎರಡು ಡೈಪೋಲ್ ಆಂಟೆನಾಗಳ ನಡುವೆ ಎಷ್ಟು ಬೇಲಿ ಸಿಗುತ್ತದೆ ಎನ್ನಲು ಒಂದು ಅಂದಾಜು ಸೂತ್ರ ರೂಢಿಯಲ್ಲಿದೆ: ಅಂತರವನ್ನು ತರಂಗಾಂತರದಿಂದ ಭಾಗಿಸಿ, ಅದರ ಲಾಗರಿದಮ್ಮನ್ನು 40ರಿಂದ ಗುಣಿಸಿ, 28 ಕೂಡಿಸಬೇಕು. 145 ಮೆಗಾಹರ್ಟ್ಸ್‌ನಲ್ಲಿ 90 ಡಿಬಿ ಬೇಕಾದರೆ ಎರಡರ ನಡುವೆ 70 ಮೀಟರಿಗೂ ಹೆಚ್ಚು ಎತ್ತರದ ಅಂತರ ಬೇಕು. ಅಂಥ ಗೋಪುರ ಕಟ್ಟುವ ದುಡ್ಡಿಗೆ ಡಬ್ಬಿಗಳು ಎಷ್ಟೋ ಸೋವಿ. ಅದೇ ಸೂತ್ರಕ್ಕೆ 5.8 ಗಿಗಾಹರ್ಟ್ಸ್ ಹಾಕಿ ನೋಡಿ. ಅಲ್ಲಿ ತರಂಗಾಂತರ ಐದು ಸೆಂಟಿಮೀಟರ್ ಚಿಲ್ಲರೆ, ಎರಡು ಮೀಟರ್ ಅಂತರಕ್ಕೇ 90 ಡಿಬಿ ಕೈಗೆ ಬರುತ್ತದೆ. ಡಿಶ್‌ಗಳಿಗೆ ಇದು ಒರಟು ಲೆಕ್ಕ, ನಿಜ. ಆದರೂ ಪ್ರಶ್ನೆಯ ಅರ್ಧ ಉತ್ತರ ಇಲ್ಲಿಯೇ ಇದೆ. ಉದ್ದ ತರಂಗಕ್ಕೆ ಹಂಚಿಕೆ ಲಾಭ, ಗಿಡ್ಡ ತರಂಗಕ್ಕೆ ಹೆಚ್ಚಿನ ಸಲ ಬೇರೆ ಬೇರೆ ಡಿಶ್ಶೇ ಲಾಭ.

ಈಗ ಉಮರ್ಗಾ–ನಿಲಂಗಾ ಲಿಂಕಿಗೆ ಬರೋಣ. ಇದು ನಾನು ಲೆಕ್ಕಕ್ಕೆ ಕಟ್ಟಿಕೊಂಡ ಲಿಂಕು. ಲೈಸೆನ್ಸ್ ಬೇಡದ 5.8 ಗಿಗಾಹರ್ಟ್ಸ್ ಪಟ್ಟಿ, ಇದಕ್ಕೆ ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಆಧಾರ. ಡಿಶ್‌ನ ಬಲವೂ ಸೇರಿ ಹೊರಡುವ ಶಕ್ತಿ 36 ಡಿಬಿಎಂ, ಅಂದರೆ 4 ವಾಟ್ ಮೀರಬಾರದು. 30 ಡಿಬಿಐ ಡಿಶ್ ಹಾಕಿದರೆ ರೇಡಿಯೋ ಕೊಡಬೇಕಾದದ್ದು ಬರೀ 6 ಡಿಬಿಎಂ, 4 ಮಿಲಿವಾಟ್. 35 ಕಿಲೋಮೀಟರ್ ಗಾಳಿದಾರಿಯ ನಷ್ಟ ಸುಮಾರು 139 ಡಿಬಿ. ಆಚೆಯ 30 ಡಿಬಿಐ ಡಿಶ್ ಹಿಡಿದುಕೊಟ್ಟ ಮೇಲೆ ರಿಸೀವರಿಗೆ ದಕ್ಕುವುದು ಮೈನಸ್ 73 ಡಿಬಿಎಂ. ಲಿಂಕ್ ನಡೆಯುತ್ತದೆ, ಆದರೆ ಕೈಯಲ್ಲಿ ಉಳಿತಾಯ ಕಡಿಮೆ.

ಮೊದಲ ಉಪಾಯ ಸ್ಪ್ಲಿಟರ್. ಕೇಬಲ್ ಟಿವಿ ಮಂದಿಗೆ ಕೈಗೆ ಹತ್ತಿದ ಸಾಮಾನು, ಅದಕ್ಕೇ ಇದರ ಮೇಲೆ ಮೋಹ. ಎರಡು ರೇಡಿಯೋ, ಒಂದು ಡಿಶ್, ನಡುವೆ ಎರಡು ದಾರಿಯ ಸ್ಪ್ಲಿಟರ್. ಅದು ಎರಡೂ ತುದಿಯಲ್ಲಿ ಅರ್ಧರ್ಧ ಶಕ್ತಿ ತಿನ್ನುತ್ತದೆ, ಒಟ್ಟು 6 ಡಿಬಿ. ಬಯಲಿನಲ್ಲಿ 6 ಡಿಬಿ ಹೋದರೆ ದೂರ ಅರ್ಧವಾಗುತ್ತದೆ, ಅಂದರೆ ನಿಲಂಗಾಕ್ಕೆ ಮುಟ್ಟುತ್ತಿದ್ದ ಲಿಂಕ್ ನಡುಹಾದಿಯಲ್ಲೇ ಉಳಿಯುತ್ತದೆ. ಕಳಿಸುವ ಕಡೆಯ 3 ಡಿಬಿಯನ್ನು ರೇಡಿಯೋದ ಶಕ್ತಿ ಏರಿಸಿ ತುಂಬಿಕೊಳ್ಳಬಹುದು, 4 ಮಿಲಿವಾಟನ್ನು 8 ಮಾಡಿದರೆ ಕಾನೂನಿನ ಮಿತಿಯೂ ಮೀರದು. ಕೇಳುವ ಕಡೆ ಕಳೆದ 3 ಡಿಬಿ ಹೋಯಿತೆಂದರೆ ಹೋಯಿತು. ಅದಕ್ಕಿಂತ ದೊಡ್ಡ ತೊಂದರೆ ಸೋರಿಕೆ. ಸ್ಪ್ಲಿಟರ್ ಕೊಡುವ ಬೇಲಿ 20ರಿಂದ 25 ಡಿಬಿ. ಹೊರಟ 9 ಡಿಬಿಎಂನಲ್ಲಿ ಮೈನಸ್ 11 ಡಿಬಿಎಂ ನೇರವಾಗಿ ಪಕ್ಕದ ರಿಸೀವರಿನ ಬಾಯಿಗೆ ಸುರಿಯುತ್ತದೆ, ಕೇಳಬೇಕಾದದ್ದು ಮೈನಸ್ 76. ಚಾನೆಲ್ ಬೇರೆ ಇಟ್ಟಿದ್ದೇನೆ ಎಂಬ ಸಮಾಧಾನ ಇಲ್ಲಿ ನಡೆಯದು. ಸಾದಾ ವೈಫೈ ಕಾರ್ಡಿನಲ್ಲಿ ಚಾನೆಲ್ ಆರಿಸುವ ಜರಡಿ ಮೊದಲ ಆಂಪ್ಲಿಫೈಯರಿನ ಹಿಂದೆ ಇರುತ್ತದೆ. ಸಿಗ್ನಲ್ ಜರಡಿಗೆ ಮುಟ್ಟುವ ಮೊದಲೇ ಆ ಆಂಪ್ಲಿಫೈಯರ್ ಉಸಿರುಗಟ್ಟಿರುತ್ತದೆ.

ಎರಡನೆಯದು ಸರ್ಕ್ಯುಲೇಟರ್. ಫೆರೈಟ್ ಬಿಲ್ಲೆ, ಅದರ ಮೇಲೊಂದು ಅಯಸ್ಕಾಂತ, ಮೂರು ಬಾಯಿ. ಒಂದರಿಂದ ಹೊಕ್ಕ ತರಂಗ ಎರಡಕ್ಕೆ, ಎರಡರಿಂದ ಬಂದದ್ದು ಮೂರಕ್ಕೆ. ಹಿಂದಿರುಗುವ ದಾರಿ ಇಲ್ಲ. 1950ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಫೆರೈಟ್ ಕೆಲಸದಿಂದ ಬಂದ ಫಲ. ನಷ್ಟ ಅರ್ಧ ಡಿಬಿಯೂ ಇಲ್ಲ ಎಂದ ಕೂಡಲೇ ಸ್ಪ್ಲಿಟರಿಗಿಂತ ಇದೇ ಸರಿ ಎನಿಸುತ್ತದೆ. ಅದರ ಕಾಗದದಲ್ಲಿ 20 ಡಿಬಿ ಬೇಲಿ ಎಂದು ಬರೆದಿರುತ್ತದೆ, ಅದೂ ನಿಜ. ಕಾಗದದಲ್ಲಿ ಬರೆಯದೆ ಇರುವುದು ಆಂಟೆನಾದ ಗುಣ. ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಅಳತೆ ಎಸ್‌ಡಬ್ಲ್ಯುಆರ್, ಅದು 1.5 ಇರುವ ಆಂಟೆನಾವನ್ನು ಚೆನ್ನಾಗಿದೆ ಎಂದೇ ಕರೆಯುತ್ತೇವೆ. ಅದೂ ಕೂಡ ತನ್ನ ಕಡೆ ಬಂದ ಶಕ್ತಿಯಲ್ಲಿ ನೂರಕ್ಕೆ ನಾಲ್ಕನ್ನು ಹಿಂದಕ್ಕೆ ತಳ್ಳುತ್ತದೆ, ಅಂದರೆ 14 ಡಿಬಿ. ಹಿಂದೆ ತಳ್ಳಿದ ಆ ಪಾಲು ಸರ್ಕ್ಯುಲೇಟರಿನ ಎರಡನೆಯ ಬಾಯಿಗೆ ಬಂದು, ನಿಯಮದ ಪ್ರಕಾರವೇ, ಮೂರನೆಯ ಬಾಯಿಗೆ, ನಮ್ಮ ರಿಸೀವರಿಗೆ ಹೋಗುತ್ತದೆ. ಹೀಗಾಗಿ ಸಾವಿರ ರೂಪಾಯಿಯ ಸರ್ಕ್ಯುಲೇಟರಾಗಲಿ ಲಕ್ಷ ರೂಪಾಯಿಯದಾಗಲಿ, ಬೇಲಿ ನಿಲ್ಲುವುದು 14 ಡಿಬಿಗೇ. ಮಳೆನೀರು ಕನೆಕ್ಟರಿಗೆ ಇಳಿದರೆ ಅದೂ ಇಲ್ಲ. ಈ ಇಡೀ ವಿಷಯದಲ್ಲಿ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವ ಜಾಗ ಇದೇ ಎಂದು ನನ್ನ ಎಣಿಕೆ.

ಮೂರನೆಯದು ಎರಡು ಧ್ರುವೀಕರಣದ ಡಿಶ್. ಬಟ್ಟಲು ಒಂದೇ, ಒಳಗೆ ಅಡ್ಡಕ್ಕೊಂದು ಉದ್ದಕ್ಕೊಂದು ಬಾಯಿ. ಅಡ್ಡದಲ್ಲಿ ಕಳಿಸು, ಉದ್ದದಲ್ಲಿ ಕೇಳು. ಮೂರರಲ್ಲಿ ಮರ್ಯಾದೆಯ ಉಪಾಯ ಇದು, ಬೇಲಿ 30 ಡಿಬಿ ಆಸುಪಾಸು ಸಿಗುತ್ತದೆ. ಲಾಟ್ವಿಯಾದ ಮೈಕ್ರೋಟಿಕ್ ಕಂಪನಿಯ ರೌಟರುಗಳಲ್ಲಿ ‘ಎನ್‌ಸ್ಟ್ರೀಮ್ ಡ್ಯುಯಲ್’ ಎಂಬ ವಿಧಾನವಿದೆ, ಒಂದು ಕಾರ್ಡ್ ಬರೀ ಕಳಿಸಲು, ಇನ್ನೊಂದು ಬರೀ ಕೇಳಲು. ಅದನ್ನು ಇಂಥ ಡಿಶ್‌ಗೆ ಕಟ್ಟುವ ಆಸೆ ಸಹಜ. ಆದರೆ 30 ಡಿಬಿಯೂ ಸಾಲದು. ಚಾನೆಲ್‌ಗಳನ್ನು ಪಟ್ಟಿಯ ಎರಡು ತುದಿಗೆ ಸರಿಸಿ, ನಡುವೆ ಗಟ್ಟಿ ಫಿಲ್ಟರ್ ಹಾಕಿದರೆ ಮಾತ್ರ ಗೆಲುವು. ಆ ಫಿಲ್ಟರಿನ ಬೆಲೆಗೆ ಇನ್ನೊಂದು ಡಿಶ್ ಬರುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದಾದರೂ ಏನು? ಹೋಗುವ ಬರುವ ಎರಡೂ ದಾರಿಗಳಲ್ಲಿ ಏಕಕಾಲಕ್ಕೆ ಪೂರ್ತಿ ವೇಗ. ಹಳ್ಳಿಯ ಇಂಟರ್ನೆಟ್ಟಿನಲ್ಲಿ ಹರಿವು ಬಹುಪಾಲು ಒಂದೇ ದಿಕ್ಕಿಗೆ, ಊರಿನ ಒಳಕ್ಕೆ: ಯೂಟ್ಯೂಬು, ಧಾರಾವಾಹಿ, ಕ್ರಿಕೆಟ್ಟು. ಹೊರಕ್ಕೆ ಹೋಗುವ ದಾರಿ ಮುಕ್ಕಾಲು ಖಾಲಿ. ಸರದಿಯ ರೇಡಿಯೋ ಆ ಖಾಲಿ ಸಮಯವನ್ನೂ ಒಳಹರಿವಿಗೆ ಕೊಡಬಲ್ಲದು, ಎರಡು ರೇಡಿಯೋದ ಜೋಡಿಗೆ ಆ ಸವಲತ್ತಿಲ್ಲ. ದೂರದ ಲಿಂಕಿನಲ್ಲಿ ಸಾದಾ ವೈಫೈ ಬಳಲುವುದು ನಿಜ. 35 ಕಿಲೋಮೀಟರ್ ಹೋಗಲು ತರಂಗಕ್ಕೆ 117 ಮೈಕ್ರೋಸೆಕೆಂಡ್ ಬೇಕು, ಪ್ರತಿ ಪ್ಯಾಕೆಟ್ಟಿಗೂ ರಸೀದಿ ಕಾಯುತ್ತ ಕೂತರೆ ಸಮಯ ವ್ಯರ್ಥ. ಅದಕ್ಕೆ ಸರದಿಯನ್ನು ಮೊದಲೇ ಹಂಚಿಡುವ ಟಿಡಿಎಂಎ ವಿಧಾನಗಳು ಬಂದಿವೆ. ಒಂದು ರೇಡಿಯೋ, ಒಂದು ಡಿಶ್, ಎರಡೂ ಧ್ರುವೀಕರಣದಲ್ಲಿ ಒಟ್ಟಿಗೆ ಕಳಿಸಿ ಒಟ್ಟಿಗೆ ಕೇಳುವುದು. ಗಡಿಸೀಮೆಯ ಸಣ್ಣ ಲಿಂಕಿಗೆ ನಾನು ಕೈಯೆತ್ತುವುದು ಇದಕ್ಕೇ.

ಲೈಸೆನ್ಸ್ ಪಟ್ಟಿಯ ಮೈಕ್ರೋವೇವ್ ಲಿಂಕುಗಳ ಕಥೆ ಬೇರೆ. ಮೊಬೈಲ್ ಟವರಿನ ಮೇಲೆ ಡೊಳ್ಳಿನಾಕಾರದಲ್ಲಿ ಕಾಣುವ 15 ಗಿಗಾಹರ್ಟ್ಸ್ ಮುಂತಾದ ಡಿಶ್‌ಗಳು ಒಂದೇ ಬಟ್ಟಲಿನಲ್ಲಿ ಏಕಕಾಲಕ್ಕೆ ಎರಡೂ ಕೆಲಸ ಮಾಡುತ್ತವೆ. ಅಲ್ಲಿ ಹೋಗುವ ಬರುವ ಫ್ರೀಕ್ವೆನ್ಸಿಗಳ ನಡುವೆ ನೂರಾರು ಮೆಗಾಹರ್ಟ್ಸ್ ಬಿಟ್ಟು ಹಂಚಿಕೆ ಮಾಡಿರುತ್ತಾರೆ, ಫಿಲ್ಟರ್ ಅಂಗೈಯಷ್ಟಾದರೆ ಸಾಕು. (ಮಾಳಿಗೆಯ ಮೇಲಿನ ಟಿವಿ ಡಿಶ್ ಈ ಲೆಕ್ಕಕ್ಕೆ ಬಾರದು, ಅದಕ್ಕೆ ಬಾಯಿಯೇ ಇಲ್ಲ. 1975–76ರ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಬಂದ ಮೂರು ಮೀಟರಿನ ಜಾಲರಿ ಬಟ್ಟಲುಗಳೂ ಬರೀ ಕಿವಿಗಳೇ.)

ಮೊಬೈಲ್ ಟವರಿನ ಪಟ್ಟೆ ಆಂಟೆನಾಗಳಲ್ಲೂ ಹಂಚಿಕೆ ಇದೆ. 900 ಪಟ್ಟಿಯಲ್ಲಿ ಫೋನಿನಿಂದ ಬರುವುದು 890ರಿಂದ 915 ಮೆಗಾಹರ್ಟ್ಸ್, ಟವರಿನಿಂದ ಹೋಗುವುದು 935ರಿಂದ 960. ಡ್ಯುಪ್ಲೆಕ್ಸರ್ ಅಚ್ಚುಕಟ್ಟಾಗಿ ಬೇರ್ಪಡಿಸುತ್ತದೆ. ಆದರೆ ಆಂಟೆನಾ ಒಂದೇ ಆದಾಗ ತುಕ್ಕು ಹಿಡಿದ ಒಂದು ಕನೆಕ್ಟರ್ ಸಾಕು, ಹೋಗುವ ಎರಡು ಸಿಗ್ನಲ್ ಅಲ್ಲಿ ಬೆರೆತು ಮೂರನೆಯದನ್ನು ಹುಟ್ಟಿಸುತ್ತವೆ. 935ರ ಇಮ್ಮಡಿಯಲ್ಲಿ 960 ಕಳೆದರೆ 910, ನೆಟ್ಟಗೆ ಫೋನುಗಳ ಸಾಲಿಗೇ ಬಂದು ಕೂರುತ್ತದೆ. ಡ್ಯುಪ್ಲೆಕ್ಸರ್ ಇದನ್ನು ತಡೆಯದು, ಯಾಕೆಂದರೆ ಕಳ್ಳ ಹುಟ್ಟಿದ್ದು ಬೇಲಿಯ ಆಚೆ. ‘ಟವರ್ ಫುಲ್ ಇದೆ, ಆದ್ರೂ ಮಾತು ಹೋಗೂದಿಲ್ಲ’ ಎಂದು ಹಳ್ಳಿಯವರು ಬೈಯುವ ಸ್ಥಿತಿಗೆ ಇದೂ ಒಂದು ಕಾರಣ. ಭಾರತದಲ್ಲಿ ಇನ್ನೊಂದು ಪೇಚೂ ಇತ್ತು: ಸಿಡಿಎಂಎ ಟವರುಗಳು ಕಳಿಸುತ್ತಿದ್ದ 869–889ಕ್ಕೂ ಜಿಎಸ್‌ಎಂ ಟವರುಗಳು ಕೇಳುತ್ತಿದ್ದ 890ಕ್ಕೂ ಸಂದು ಅಷ್ಟಕ್ಕಷ್ಟೇ. ಪಕ್ಕಪಕ್ಕ ನಿಂತ ಟವರುಗಳಿಗೆ ಹೆಚ್ಚುವರಿ ಫಿಲ್ಟರ್ ಬೇಕಾಗುತ್ತಿತ್ತು.

ಸರದಿಯ ಟವರುಗಳಿಗೂ ಬಯಲುಸೀಮೆ ಒಂದು ಪೀಡೆ ತರಬಲ್ಲದು. ಕಳಿಸುವುದಕ್ಕೂ ಕೇಳುವುದಕ್ಕೂ ನಡುವೆ ಒಂದಿಷ್ಟು ಮೌನ ಬಿಟ್ಟಿರುತ್ತಾರೆ. 4ಜಿಯ ಒಂದು ವಿನ್ಯಾಸದಲ್ಲಿ ಅದು 143 ಮೈಕ್ರೋಸೆಕೆಂಡ್, ಅಷ್ಟರಲ್ಲಿ ತರಂಗ 43 ಕಿಲೋಮೀಟರ್ ಹೋಗುತ್ತದೆ. ಗಾಳಿಯ ಪದರಗಳು ಕೊಳವೆಯಂತಾಗುವ ರಾತ್ರಿಗಳಲ್ಲಿ ಅದಕ್ಕೂ ದೂರದ ಟವರಿನ ಕೂಗು ತಡವಾಗಿ ಬಂದು, ಇಲ್ಲಿಯ ಟವರ್ ಕೇಳುತ್ತಿರುವ ಹೊತ್ತಿಗೆ ಬೀಳುತ್ತದೆ. ಚೀನಾದ ಬಯಲುಗಳಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಗಡಿಯ ಆಚೀಚೆ ಬೇರೆ ಬೇರೆ ಟೆಲಿಕಾಂ ವಲಯಗಳಿರುವಲ್ಲಿ ಎಲ್ಲರ ಗಡಿಯಾರ, ಎಲ್ಲರ ಸರದಿ ಒಂದೇ ಆಗಿರಲೇಬೇಕು.

ಉಳಿದದ್ದು ಗಣಿತದ ಬೇಲಿ. ನಾನು ಏನು ಕಳಿಸುತ್ತಿದ್ದೇನೆ ಎಂಬುದು ನನಗೇ ಗೊತ್ತಿರುವಾಗ, ಸೋರಿದ್ದರಿಂದ ಅದನ್ನು ಕಳೆದುಬಿಟ್ಟರೆ ಹೇಗೆ? 2010ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಮೂರು ಆಂಟೆನಾ ಬಳಸಿ ಒಂದೇ ಫ್ರೀಕ್ವೆನ್ಸಿಯಲ್ಲಿ ಏಕಕಾಲಕ್ಕೆ ಕಳಿಸಿ ಕೇಳಿ ತೋರಿಸಿತು. 2013ರಲ್ಲಿ ದಿನೇಶ್ ಭರಾಡಿಯಾ, ಎಮಿಲಿ ಮೆಕ್‌ಮಿಲಿನ್, ಸಚಿನ್ ಕಟ್ಟಿ ಅದನ್ನು ಒಂದೇ ಆಂಟೆನಾ ಮತ್ತು ಒಂದು ಸರ್ಕ್ಯುಲೇಟರಿಗೆ ಇಳಿಸಿ, 110 ಡಿಬಿಯಷ್ಟು ಸ್ವಂತ ಸದ್ದನ್ನು ಅಳಿಸಿದರು. ಸರ್ಕ್ಯುಲೇಟರಿನ ಸೋರಿಕೆ, ಆಂಟೆನಾದ ಪ್ರತಿಫಲನ ಎಲ್ಲವನ್ನೂ ಆ ಕ್ಷಣಕ್ಕೆ ಅಳೆದು, ತಂತಿಯಲ್ಲಿ ಒಂದಿಷ್ಟು, ಡಿಜಿಟಲ್‌ನಲ್ಲಿ ಒಂದಿಷ್ಟು ಕಳೆಯುವ ಕೆಲಸ. ಪ್ರಯೋಗಾಲಯದಿಂದ ಹೊರಬಂದಾಗ ವೇಗ ಮಂದವಾಯಿತು. ಹೊರಸೂಸುವ ಶಕ್ತಿ ಹೆಚ್ಚಿದಷ್ಟೂ ಕಳೆಯಬೇಕಾದ ಡಿಬಿ ಹೆಚ್ಚು, ಗಾಳಿಗೆ ಕೊಂಬೆ ಅಲುಗಿದರೂ ಪ್ರತಿಫಲನ ಬದಲು, ಮತ್ತೆ ಹೊಸ ಲೆಕ್ಕ. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿ ಈಗ ಕೈಗೆತ್ತಿಕೊಂಡಿರುವುದು ಇದರ ಸೌಮ್ಯ ರೂಪವನ್ನು: ಟವರ್ ಮಾತ್ರ ಏಕಕಾಲಕ್ಕೆ ಎರಡೂ ಮಾಡುತ್ತದೆ, ಅದೂ ಒಂದೇ ಪಟ್ಟಿಯೊಳಗಿನ ಬೇರೆ ಬೇರೆ ತುಂಡುಗಳಲ್ಲಿ. ಆ ಸಂಸ್ಥೆಯ ಅಧ್ಯಯನದಲ್ಲಿ ಟವರಿಗೆ ಪರಿಗಣಿಸಿರುವ ಒಂದು ಮುಖ್ಯ ವಿನ್ಯಾಸದಲ್ಲಿ ಕಳಿಸಲು ಒಂದು ಫಲಕ, ಸ್ವಲ್ಪ ಜಾಗ ಬಿಟ್ಟು ಕೇಳಲು ಇನ್ನೊಂದು ಫಲಕ. ಅದು ನಿಲಂಗಾಕ್ಕೋ ಉದಗೀರಕ್ಕೋ ಬಂದ ದಿನ ಟವರ್ ಕಂಪನಿ ಎರಡು ಫಲಕಕ್ಕೆ ಬಾಡಿಗೆ ಕೇಳುತ್ತದೆ.